ಒಂದೇ ಮ್ಯಾಚಿನ ವಾದಿರಾಜರು
ಮಲೇಶಿಯಾದ ಸುಬಾಂಗ್ ಜಯಾದಲ್ಲಿ ನಮ್ಮ ಮೇಲಿನ ಮನೆಯ ವಾದಿರಾಜರು ಕೆಲಸದಲ್ಲಿ ಸಾಫ್ಟ್‌ವೇರ್ ಪರೀಕ್ಷಕರು, ಉಳಿದ ಹೊತ್ತಿನಲ್ಲಿ ಮಕ್ಕಳ ಐಸ್ ಹಾಕಿ ತಂಡಕ್ಕೆ ಸ್ವಯಂನೇಮಿತ ಪ್ರತಿಭಾಶೋಧಕರು. ಐಸಿನ ಮೇಲೆ ಅವರು ಒಮ್ಮೆಯೂ ಕಾಲಿಟ್ಟಿಲ್ಲ. ಫ್ರಿಜ್ಜಿನ ಐಸ್ ಟ್ರೇ ಬಿಡಿಸುವುದಕ್ಕೂ ಹೆಂಡತಿಯನ್ನೇ ಕರೆಯುತ್ತಾರೆ. ಆದರೂ "ಮಕ್ಕಳ ಭವಿಷ್ಯ ಹೇಳೋಕೆ ಒಂದೇ ಮ್ಯಾಚ್ ಸಾಕು ಲಾ" ಎಂದು, ಅಲ್ಲಿಯವರಂತೆ ಕೊನೆಗೊಂದು "ಲಾ" ಸೇರಿಸಿ ಹೇಳುವರು. ದೇವರು ಆ ಮಾತನ್ನು ಹಾಗೆಯೇ ಹಿಡಿದುಕೊಂಡ. 2020ರ ಮಾರ್ಚಿನಲ್ಲಿ ಅವರು ಮಾಲಿನ ಐಸ್ ಅಂಗಳದಲ್ಲಿ ಒಂದು ಪಂದ್ಯವನ್ನು ಮೊಬೈಲಿನಲ್ಲಿ ಹಿಡಿದ ಮರುವಾರವೇ ಕೊರೊನಾದಿಂದ ಎಲ್ಲ ಮುಚ್ಚಿತು. ಮುಂದೆ ಒಂದೂವರೆ ವರ್ಷ, ಪ್ರತಿ ಶನಿವಾರ, ಮನೆಯಲ್ಲೇ ಸ್ವೆಟರು, ಮಫ್ಲರು ತೊಟ್ಟು, ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ತಂದ ರೋಟಿ ಚನಾಯ್ ತಿನ್ನುತ್ತಾ ಅದೇ ವಿಡಿಯೊ ನೋಡುವರು. ನೋಡಿ, ಒಂದೊಂದು ಮಗುವಿಗೂ ಫೋನ್ ಮಾಡಿ, "ಹೋದ ವಾರಕ್ಕಿಂತ ಈ ವಾರ ನಿನ್ನ ಎಡ ತಿರುವು ಚೆನ್ನಾಗಿದೆ" ಎನ್ನುವರು. ಆ ಪಂದ್ಯವಿಡೀ ಬೆಂಚಿನಲ್ಲೇ ಕುಳಿತಿದ್ದ ಹನ್ನೊಂದರ ಮಯೂರಿ ಆಟವನ್ನೇ ಬಿಡಲು ನಿಶ್ಚಯಿಸಿದ್ದಳು. "ಅಂಕಲ್, ಐ ಡಿಡಂಟ್ ಈವನ್ ಪ್ಲೇ" ಎಂದಳು. "ಆಡಿಲ್ಲ ಕಣಮ್ಮಾ. ಆದ್ರೆ ಗೋಲ್‌ಕೀಪರ್‌ನ ಹೆಲ್ಮೆಟ್ ಪಟ್ಟಿ ಬಿಚ್ಚಿಕೊಂಡಿದ್ದನ್ನ ಎಲ್ರಿಗಿಂತ ಮೊದ್ಲು ನೋಡಿ ಕೂಗಿದ್ದು ನೀನೇ. ನಲವತ್ತನೇ ಸಲ ನೋಡ್ದಾಗ ಕಂಡಿತು." ಅಂಗಳ ಮತ್ತೆ ತೆರೆದ ದಿನ ಮೊದಲು ಐಸಿಗಿಳಿದವಳು ಮಯೂರಿ. ಗಾಜಿನಾಚೆ ನಿಂತ ವಾದಿರಾಜರು ಕನ್ನಡಕ ಒರೆಸಿಕೊಳ್ಳುತ್ತಾ, "ಥತ್, ಈ ಮಾಸ್ಕಿಂದ ಬರೀ ಮಂಜು" ಎಂದು ನನ್ನೆದುರು ಗೊಣಗಿದರು. ಅವರ ಮಾಸ್ಕು ಗದ್ದದ ಕೆಳಗಿತ್ತು.