ತೋಟಿ ತೋರಿಸಿದ ದಿಣ್ಣೆ

ಹೆಸರಘಟ್ಟದಾಚೆಯ ಸಣ್ಣ ಹಳ್ಳಿಯೊಂದರ ಜಮೀನನ್ನು ಬಡಾವಣೆಗಾಗಿ ಅಳೆಯಲು ನಾನು ಸರ್ವೇಯರ್ ಆಗಿ ಹೋಗಿದ್ದೆ. ಗಡಿಕಲ್ಲು ತೋರಿಸಲು ಬಂದವರು ಆ ಊರಿನ ಚಾಕರಿ ಮಾಡುವ ವಯಸ್ಸಾದ ತೋಟಿ. ಹೊಲಕ್ಕಿಳಿಯುವ ಮೊದಲು ಚಪ್ಪಲಿ ಬಿಟ್ಟು, ಹುಲ್ಲಿನಡಿ ಹುದುಗಿದ ಕಲ್ಲನ್ನು ಪಾದದಿಂದಲೇ ಹುಡುಕುತ್ತಿದ್ದರು. ಹೇಗೆಂದು ಕೇಳಿದಾಗಲೆಲ್ಲ, “ಕಾಲಿಗ್ ಗೊತ್ತು ಸ್ವಾಮಿ” ಎನ್ನುತ್ತಿದ್ದರು.

ಮೂರನೆಯ ದಿನ ಹಳ್ಳದ ಪಕ್ಕದ ದಿಣ್ಣೆ ಹತ್ತಿ ನಿಂತರು.

“ಮೊದ್ಲು ಊರಿದ್ದಿದ್ದು ಇಲ್ಲೇ. ಅಳ್ಳದ ನೀರು ನಂಬ್ಕೊಂಡು ಏಳು ಮನೆಯೋರು ಬಂದು ಕಾಡು ಕಡಿದ್ರಂತೆ. ಪ್ಲೇಗ್ ಬಂದಾಗ ಉಳ್ದೋರು ಮೇಲಕ್ಕೋದ್ರು. ಸತ್ತೋರೆಲ್ಲ ಈ ಮಣ್ಣಾಗೇ ಅವ್ರೆ. ಆಮ್ಯಾಕೂ ಊರೋರ್ನ ಇಲ್ಲೇ ಮಣ್ ಮಾಡ್ತಿದ್ದಿದ್ದು, ನನ್ ಎಂಡ್ತೀನೂ ಇಲ್ಲೇ ಅವ್ಳೆ. ಇದ್ನ ಬರ್ಕೊಳ್ಳಿ.”

ನಕ್ಷೆ ಬಿಚ್ಚಿದೆ. ಅದರಲ್ಲಿ ಹಳೆಯ ಊರೂ ಇರಲಿಲ್ಲ, ಸ್ಮಶಾನವೂ ಇರಲಿಲ್ಲ. ಬರೀ ಸಾಗುವಳಿಗೆ ಬಾರದ ಖರಾಬು ಜಮೀನು ಎಂದಿತ್ತು.

“ನಕ್ಷೇಲಿ ಇಲ್ಲದ್ದನ್ನ ನಾನ್ ಬರೆಯೋಕಾಗಲ್ಲ ಯಜಮಾನ್ರೇ” ಎಂದೆ. ಸ್ಥಳದಲ್ಲಿ ತಿಳಿದದ್ದನ್ನು ನಕ್ಷೆಯ ಅಂಚಿನಲ್ಲಿ ಷರಾ ಎಂದು ಬರೆಯಬಹುದಿತ್ತು. ಬರೆದಿದ್ದರೆ ಕೆಲಸ ನಿಲ್ಲುತ್ತಿತ್ತು. ಅವರು ಉಳಿದ ಕಲ್ಲುಗಳನ್ನೂ ತೋರಿಸಿಕೊಟ್ಟರು.

ಜೆಸಿಬಿಗಳು ದಿಣ್ಣೆಯನ್ನು ಮಟ್ಟ ಮಾಡಿದ ಮೇಲೆ ಒಮ್ಮೆ ಹೋಗಿದ್ದೆ. ಒಂದೇ ಅಳತೆಯ ಸೈಟುಗಳ ನಡುವೆ ಅವರು ಒಬ್ಬರೇ ನಿಂತಿದ್ದರು.

“ನೀವು ಅಳೆದೋರಲ್ವಾ ಸ್ವಾಮಿ,” ಎಂದರು. “ನನ್ನೋಳು ಇದ್ರಾಗೆ ಎಲ್ಲವ್ಳೆ, ವಸಿ ನೋಡೇಳಿ.”