ಸೂಜಿ ಚುಚ್ಚಿಕೊಂಡವರ ಜೊತೆ ಹೊರಡುವ ಹೊಳೆವ್ವ

ಬೆಳಗಿನ ಆರು ಗಂಟೆ. ಲಗ್ಗೆರೆಯ ಒಣಕಸದ ಶೆಡ್ಡಿನ ಮುಂದೆ ಆಟೋ ಟಿಪ್ಪರ್ ಬಂದು ಬೆನ್ನೆತ್ತುತ್ತದೆ. ಪೀಣ್ಯದ ಸುತ್ತಲಿನ ಮನೆ, ಅಂಗಡಿ, ಕಾರ್ಖಾನೆಗಳ ನಿನ್ನೆಯ ದಿನವೆಲ್ಲ ಚೀಲ ಚೀಲವಾಗಿ ನೆಲಕ್ಕೆ ಬೀಳುತ್ತದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟ ಹೊಳೆವ್ವ ಚೀಲದೊಳಗೆ ಕೈ ಹಾಕುವುದಿಲ್ಲ. ಬಾಯಿ ಬಿಚ್ಚಿ, ಬುಡ ಹಿಡಿದು ಸುರುವುತ್ತಾರೆ. ಕಬ್ಬಿಣದ ಕೊಕ್ಕೆಯಿಂದ ಹರವುತ್ತಾರೆ. ಆಮೇಲೆ ಹೆಕ್ಕುವುದು.

"ಕಣ್ಣು ಮೊದ್ಲ ಹೋಗ್ಬೇಕ್ರಿ, ಕೈ ಹಿಂದಿಂದ," ಎನ್ನುತ್ತಾರೆ. ಕೊಕ್ಕೆಯ ತುದಿಗೆ ಆಗಲೇ ಒಂದು ಸಿರಿಂಜು ಸಿಕ್ಕಿದೆ. ವಾರಕ್ಕೆ ಇಪ್ಪತ್ತು ಮೂವತ್ತು ಹೀಗೆ ಸಿಗುತ್ತವಂತೆ. ಸಕ್ಕರೆ ಕಾಯಿಲೆಯವರ ಮನೆಯದು ಯಾವುದೋ, ಕ್ಲಿನಿಕ್ಕಿನದು ಯಾವುದೋ. ಸೂಜಿಯ ಮೇಲೇನು ಹೆಸರು ಬರೆದಿರುತ್ತದೆಯೇ?

ಹೊಳೆವ್ವನಿಗೆ ನಲವತ್ತಾರು. ಯಾದಗಿರಿ ಕಡೆಯವರು. ಗಂಡನೊಂದಿಗೆ ಗಾರೆ ಕೆಲಸಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಕಸ ವಿಂಗಡಣೆಗೆ ಸೇರಿದರು. ಮಗಳು ಭಾಗ್ಯಶ್ರೀ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮನೆಯಲ್ಲಿ ಪುಟ್ಟ ಮೊಮ್ಮಗಳಿದ್ದಾಳೆ.

2010ರಲ್ಲಿ, ಆಗಿನ್ನೂ ಗುಜರಿ ಗೋದಾಮೊಂದರಲ್ಲಿ ಇದ್ದಾಗ, ಹೊಳೆವ್ವನ ಹೆಬ್ಬೆರಳಿಗೆ ಸೂಜಿ ಇಳಿಯಿತು. ಒರೆಸಿಕೊಂಡು ಕೆಲಸ ಮುಂದುವರಿಸಿದರು. ಐದನೆಯ ದಿನ ಯಾರೋ ಹೆದರಿಸಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದರು. "ಎಚ್‌ಐವಿ ಬಾರದ ಹಾಗೆ ತಡೆಯೋ ಮಾತ್ರೆ ಇದೆಯಮ್ಮ. ಆದರೆ ಮೂರು ದಿನದೊಳಗೆ ಶುರು ಮಾಡಬೇಕಿತ್ತು" ಎಂದರು ಡಾಕ್ಟರು. ಉಳಿದದ್ದು ಪರೀಕ್ಷೆ ಮತ್ತು ಕಾಯುವುದು. ಆರು ತಿಂಗಳು.

ಆ ಆರು ತಿಂಗಳು ತಾಟು, ಲೋಟ ಬೇರೆ ಇಟ್ಟುಕೊಂಡರು. "ತಾಟಿನಿಂದ ಬರಂಗಿಲ್ಲ, ಎತ್ಕೊಂಡ್ರ ಬರಂಗಿಲ್ಲ ಅಂತ ಆಸ್ಪತ್ರ್ಯಾಗ ಹೇಳಿದ್ರು. ಕಿವಿಗೆ ಬಿತ್ತು, ಎದಿಗೆ ಇಳೀಲಿಲ್ಲ. ಕೂಸು ಕೈ ಚಾಚಿದ್ರ ನಾ ಹಿಂದ ಸರೀತಿದ್ದೆ. ಮಗಳು ಸಿಟ್ಟಾದ್ಲು. ಹೇಳಾಕೂ ಬಾಯಿ ಬರ್ಲಿಲ್ಲ." ಕೊನೆಯ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂದ ದಿನ ಹೊಳೆವ್ವ ಮನೆಗೆ ಬಂದು ಮೊಮ್ಮಗಳನ್ನು ಎತ್ತಿಕೊಂಡವರು ಸಂಜೆಯವರೆಗೆ ಇಳಿಸಲಿಲ್ಲವಂತೆ.

ಅಂದಿನಿಂದ ಸುತ್ತಮುತ್ತ ಯಾರಿಗೆ ಸೂಜಿ ಚುಚ್ಚಿದರೂ ಹೊಳೆವ್ವ ಜೊತೆಗೆ ಹೊರಡುತ್ತಾರೆ. ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಜನ. ಹತ್ತೊಂಬತ್ತನೆಯವರು ಸವಿತಾ. "ನನ್ನ ಹೆಸರು ಹಾಕ್ರಿ, ನಾ ಏನ್ ಕಳವು ಮಾಡೀನಿ?" ಎಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆಯಲಾಗಿದೆ.

ಈ ವರ್ಷ, ಅಂದರೆ 2014ರ ಮಾರ್ಚಿನ ಒಂದು ಬೆಳಿಗ್ಗೆ. ಶೆಡ್ಡಿಗೆ ಸೇರಿ ತಿಂಗಳಾಗಿದ್ದ, ಮದುವೆಯಾಗಿ ಎಂಟು ತಿಂಗಳಾಗಿದ್ದ ಸವಿತಾ ಒಂದೇ ಕೈಯಲ್ಲಿ ಬಾಟಲಿ ಹೆಕ್ಕುತ್ತಿರುವುದು ಹೊಳೆವ್ವನ ಕಣ್ಣಿಗೆ ಬಿತ್ತು. ಇನ್ನೊಂದು ಕೈ ಸೆರಗಿನೊಳಗೆ ಮುಷ್ಟಿ ಕಟ್ಟಿತ್ತು.

"ಕೈ ತೋರ್ಸವ್ವಾ."

"ಏನಿಲ್ಲಕ್ಕ, ಗಾಜು ಗೀರೇತಿ."

ಗಾಜಿನ ಗೀರಲ್ಲ ಅದು, ಚುಕ್ಕೆಯಷ್ಟು ರಕ್ತ. ಹೊಳೆವ್ವ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದರು. "ಹಿಂಡಬ್ಯಾಡ, ಬಾಯಾಗ ಇಡಬ್ಯಾಡ." ಮೇಲ್ವಿಚಾರಕ ರಾಮಾಂಜಿನಪ್ಪ ರಜೆಗೆ ತಕರಾರು ಮಾಡಲಿಲ್ಲ. "ಹೋಗ್ಬನ್ನಿ ಹೊಳೆವ್ವ, ಇಲ್ಲಿ ನಾನ್ ನೋಡ್ಕೊಳ್ತೀನಿ" ಎಂದರು. ಎರಡು ಬಸ್ಸು ಬದಲಿಸಿ ಆಸ್ಪತ್ರೆ ಮುಟ್ಟುವಾಗ ಒಂಬತ್ತೂವರೆ.

ಎಚ್‌ಐವಿ ಪರೀಕ್ಷಾ ಕೋಣೆಯ ಬೋರ್ಡು ಓದಿದ ಸವಿತಾ ಬಾಗಿಲಲ್ಲೇ ನಿಂತುಬಿಟ್ಟರು. "ಮನೀಗೆ ಗೊತ್ತಾದ್ರ ನನ್ನ ಹೊರಗ ಹಾಕ್ತಾರಕ್ಕ" ಎಂದು ಅಳು. ಹೊಳೆವ್ವ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ತಮ್ಮ ತೋಳನ್ನೇ ಚಾಚಿದರು. "ಮೊದ್ಲ ನಂದು ತಗೊಳ್ರಿ. ಆಕಿ ನೋಡ್ಲಿ."

"ಹೊಳೆವ್ವ, ನಿಮಗ್ಯಾಕೆ ಮತ್ತೆ? ನಿಮ್ಮ ರಕ್ತ ನಮಗೆ ಬಾಯಿಪಾಠ ಆಗೋಗಿದೆ ಕಣ್ರೀ" ಎಂದು ನಕ್ಕರು ಆಪ್ತಸಮಾಲೋಚಕಿ ಸುಕೃತಿ. ನಕ್ಕರೂ ರಕ್ತ ತೆಗೆದುಕೊಳ್ಳಲು ಲ್ಯಾಬಿನವರಿಗೆ ಹೇಳಿದರು. ಸವಿತಾ ಎರಡನೆಯವರಾಗಿ ಕೂತರು.

ಸೂಜಿ ಯಾರದೆಂದು ಗೊತ್ತಿಲ್ಲ, ಅಪಾಯ ತೀರಾ ಕಡಿಮೆ, ಆದರೂ ಬಿಡುವುದು ಬೇಡ ಎಂದರು ಡಾಕ್ಟರು. ಮೊದಲ ಮಾತ್ರೆ ಅಲ್ಲೇ ನುಂಗಿಸಿದರು. ಇಪ್ಪತ್ತೆಂಟು ದಿನ, ಒಂದೂ ತಪ್ಪಿಸುವಂತಿಲ್ಲ. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಗಂಡ ಹೆಂಡತಿ ನಿರೋಧ್ ಬಳಸಬೇಕು. ಸವಿತಾಗೆ ಎಲ್ಲಕ್ಕಿಂತ ಭಾರವಾದ ಮಾತು ಇದೇ ಆಯಿತು.

"ನೀನ ಹೇಳಕ್ಕ, ನನ್ನ ಕೈಲೆ ಆಗಂಗಿಲ್ಲ" ಎಂದು ಸವಿತಾ ಬೇಡಿಕೊಂಡ ಮೇಲೆ, ಅಂದು ಸಂಜೆ ಹೊಳೆವ್ವ ಅವರ ಬಾಡಿಗೆ ಕೋಣೆಗೆ ಹೋದರು. ಗಂಡ ಹಣಮಂತ ಲೇತ್ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದರು. "ತಮ್ಮಾ, ನಿನ್ನ ಹೆಂಡ್ತಿ ತಪ್ಪು ಮಾಡಿಲ್ಲ. ಯಾರೋ ಎಸೆದಿದ್ದು ಆಕಿ ಕೈಗೆ ಚುಚ್ಚೇತಿ," ಎಂದು ಶುರು ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದರು. ಹಣಮಂತ ಒರೆಸಿದ ಮುಖವನ್ನೇ ಮತ್ತೆ ಟವೆಲಿನಿಂದ ಒರೆಸಿಕೊಂಡರು. ಹೊಳೆವ್ವ ಎದ್ದು ಬಂದರು. "ಅವತ್ತು ನನಗ ಊಟ ಇಳೀಲಿಲ್ರಿ. ಹೇಳಿ ಕೆಡಿಸಿದ್ನೋ ಏನೋ ಅಂತ."

ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಸೈಕಲ್ ನಿಂತಿತು. ಹಿಂದೆ ಸವಿತಾ. ಹಣಮಂತ ಇಳಿದು ಬಂದು ಕೇಳಿದ್ದು ಒಂದೇ: "ಯಕ್ಕಾ, ಗುಳಿಗಿ ನುಂಗಿದ್ರ ಆಕಿಗೆ ವಾಕರಿಕಿ ಬರ್ತೈತಿ. ಏನ್ ತಿನ್ನಾಕ ಕೊಡ್ಲಿ?"

ಇಪ್ಪತ್ತೆಂಟು ದಿನವೂ ಮಾತ್ರೆ ತಪ್ಪಲಿಲ್ಲ. ಆರು ವಾರ, ಮೂರು ತಿಂಗಳು, ಆರು ತಿಂಗಳು, ಮೂರೂ ಪರೀಕ್ಷೆಯಲ್ಲಿ ಏನೂ ಇಲ್ಲ. ಕೊನೆಯ ಚೀಟಿ ತರಲು ಹಣಮಂತ ಕೆಲಸಕ್ಕೆ ರಜೆ ಹಾಕಿ ತಾವೇ ಹೋಗಿದ್ದರು.

ನಿಮಗೇನು ಆಗಬೇಕು ಎಂದರೆ ಹೊಳೆವ್ವ ಕೊಕ್ಕೆ ನೆಲಕ್ಕೂರಿ ಯೋಚಿಸುತ್ತಾರೆ. "ಸೂಜಿನ ಗಟ್ಟಿ ಡಬ್ಬ್ಯಾಗ ಹಾಕಿ ಬ್ಯಾರೆ ಕೊಡ್ರಿ ಅಂತ ಬರೀರಿ. ಅಷ್ಟ." ಆಮೇಲೆ ಕೆಲಸದಲ್ಲಿ ಮುಳುಗಿದ ಹದಿನಾಲ್ಕು ಜನರ ಕಡೆ ನೋಡುತ್ತಾರೆ.

"ಮೊದ್ಲ ಎಲ್ಲಾರೂ ಮುಚ್ಚಿಡ್ತಿದ್ರು, ನನ್ನಂಗ. ಈಗ ಚುಚ್ಚಿದ್ರ ಶೆಡ್ಡೆಲ್ಲ ಕೇಳಂಗ ಒದರ್ತಾರ್ರಿ."