ಆಲ್ಡನ್ ಬೆಳೆಸಿದ ಮಟ್ಟು

“ಅಮ್ಮಾ, ಆಲ್ಡನ್ ತಾತ ಕಂಪ್ಯೂಟರ್ ಒಳಗೆ ಇಲಿ ಸಾಕಿದಾರಾ?”

ಪಕ್ಕದ ಮನೆಗೆ ಒಯ್ಯಲು ಬಾಳೆಹಣ್ಣಿನ ಬ್ರೆಡ್ ಕತ್ತರಿಸುತ್ತಿದ್ದ ಜೋಲೀನ್ ಮಗಳು ಟೆಸ್‌ಳ ಮಾತಿಗೆ ನಕ್ಕಳು. ಮರುಗಳಿಗೆಯಲ್ಲೇ ನಗು ನಿಂತಿತು. ಪಕ್ಕದ ಮನೆಯ ಆಲ್ಡನ್ ನುಡಿಸುವಾಗ ಬರುವ ಆ ಕೀಚಲು ಅವಳಿಗೂ ಕೇಳಿಸಿತ್ತು. ಅವರಿಗೆ ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಿದ್ದಳು, ಅಷ್ಟೆ.

ಅರ್ಬಾನಾದ ಮನೆಮನೆಗೂ ಹೋಗಿ ಪಿಯಾನೋಗಳ ಶ್ರುತಿ ಸರಿಮಾಡುತ್ತಲೇ ಮುದುಕರಾದವರು ಆಲ್ಡನ್ ಫ್ರಿಕಿ. ಕೆಲಸ ಬಿಟ್ಟ ಮೇಲೆ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಹೋಗಿ ಮಟ್ಟು ಬೆಳೆಸುವುದನ್ನು ಕಲಿತರು. ಕಂಪ್ಯೂಟರು ಒಂದಷ್ಟು ಪುಟ್ಟ ಮಟ್ಟುಗಳನ್ನು ಹುಟ್ಟಿಸುತ್ತದೆ. ಹಿಡಿಸದವನ್ನು ಆಲ್ಡನ್ ಅಳಿಸುತ್ತಾರೆ. ಉಳಿದವು ಜೋಡಿಯಾಗಿ ಮರಿ ಹಾಕುತ್ತವೆ. ಮರಿಗೆ ಅಪ್ಪನ ತಾಳ, ಅಮ್ಮನ ಏರಿಳಿತ, ಜೊತೆಗೆ ಎಲ್ಲಿಂದಲೋ ಬಂದ ಒಂದು ಹೊಸ ಸ್ವರ. ಚಳಿಗಾಲವೆಲ್ಲ ಇದೇ ಸಾಕಣೆ. ಬರುವ ಭಾನುವಾರ ಗ್ರಂಥಾಲಯದಲ್ಲಿ ಊರವರ ಮುಂದೆ ಅವರ ಮಟ್ಟು ಕೇಳಿಸುವುದಿತ್ತು. ಅದಕ್ಕೆಂದೇ ಹೊಸ ಅಂಗಿ ಕೊಂಡಿದ್ದರು.

ಬ್ರೆಡ್ ಹಿಡಿದು ತಾಯಿ ಮಗಳು ಬಂದ ಕೂಡಲೇ ಆಲ್ಡನ್, “ಕೇಳು, ಭಾನುವಾರದ್ದು ಇದೇ,” ಎಂದು ಕಂಪ್ಯೂಟರಿನಲ್ಲಿ ನುಡಿಸಿದರು. ಕೆಳಗೆ ಮಟ್ಟು ಚಂದವಾಗಿ ಹರಿಯುತ್ತಿತ್ತು, ಮೇಲೆ ಕೀಚ್ ಕೀಚ್.

“ಚೆನ್ನಾಗಿದೆ. ಆದ್ರೆ ಮೇಲುಗಡೆ ಏನೋ ಕೀಚಲು...”

“ಕೀಚಲಾ? ಈ ಊರಿನ ಅರ್ಧ ಪಿಯಾನೋಗಳನ್ನ ಇದೇ ಕಿವೀಲಿ ಸರಿಮಾಡಿದೀನಿ ಜೋಲೀನ್. ನೀನು ಸ್ನಾನ ಮಾಡ್ತಾ ಹಾಡ್ತೀಯಲ್ಲ, ಅದು ಕೀಚಲು! ಬೇಲಿ ದಾಟಿ ಬರುತ್ತೆ.”

“ಬೈಯಿರಿ, ಬೇಜಾರಿಲ್ಲ. ಮೇಲಿನ ಸ್ವರ ಮಾತ್ರ ಒಂದ್ಸಲ ನುಡಿಸಿ.”

ಪರದೆಯ ಮೇಲುಗಡೆ ಸ್ವರಗಳು ಇರುವೆಗಳಂತೆ ಮುತ್ತಿದ್ದವು. ಆಲ್ಡನ್ ಅವನ್ನಷ್ಟೇ ನುಡಿಸಿದರು. ಟೆಸ್ ಕಿವಿ ಮುಚ್ಚಿಕೊಂಡಳು. ಅವರು ಸದ್ದು ಹೆಚ್ಚಿಸಿದರು, ಮತ್ತೂ ಹೆಚ್ಚಿಸಿದರು. ಮಗು ಅಮ್ಮನ ಹೊಟ್ಟೆಗೆ ಮುಖ ಒತ್ತಿಕೊಂಡಿತು. ಆಲ್ಡನ್ ಆ ಮಗುವನ್ನೇ ನೋಡುತ್ತ ಕುಳಿತರು.

“ನಂಗೇನೂ ಕೇಳಿಸ್ಲಿಲ್ಲ,” ಎಂದರು ಕೊನೆಗೆ. “ಕೇಳಿಸಿದ್ರೆ ತಾನೆ ಬೇಡ ಅನ್ನೋದು? ಬೇಡ ಅನ್ನೋರಿಲ್ಲ ಅಂತ ಆ ಮೇಲಿನ ಸ್ವರಗಳು ಹಾಯಾಗಿ ಸಂಸಾರ ಮಾಡ್ಕೊಂಡಿವೆ.”

ಜೋಲೀನ್‌ ಬ್ರೆಡ್ಡಿನ ತಟ್ಟೆಯನ್ನು ಅವರತ್ತ ಸರಿಸಿದಳು. “ಸೋಮವಾರ ಕಿವಿ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಈಗ ಮೇಲಿನದೆಲ್ಲ ಕತ್ತರಿಸಿ ಹಾಕಿದ್ರಾಗಲ್ವಾ?”

“ಅದ್ರಲ್ಲಿ ಒಳ್ಳೇದೂ ಇರುತ್ತಮ್ಮ. ಯಾವುದು ಅಂತ ನಂಗೆ ಗೊತ್ತಾಗಲ್ಲ.”

“ಹಾಗಾದ್ರೆ ಗ್ರಂಥಾಲಯಕ್ಕೆ ಈ ಸಲ ಆಗಲ್ಲ ಅಂತ ಹೇಳಿಬಿಡ್ಲಾ?”

“ಬೇಡ ಬೇಡ.” ತುಂಡೊಂದನ್ನು ಕೈಗೆತ್ತಿಕೊಂಡವರು ತಿನ್ನದೆ ಹಾಗೇ ಹಿಡಿದಿದ್ದರು. “ಒಂದಷ್ಟು ತಲೆಮಾರು ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಬೆಳೆಸ್ತೀನಿ. ಜೋಲೀನ್, ಭಾನುವಾರದವರೆಗೂ ಬಿಡುವಾದಾಗ ಬಂದು ನನ್ನ ಪಕ್ಕ ಕೂತ್ಕೋತೀಯಾ? ಬೇಕು ಬೇಡ ಅನ್ನೋದು ನಾನೇ. ಕೀಚಲು ಬಂದಾಗ ಮಾತ್ರ ಹೆಗಲ ಮೇಲೆ ಒಂದು ಬೆರಳು ತಟ್ಟು. ಬಾಯಿಬಿಟ್ಟು ಹೇಳ್ಬೇಡ.”